ದೇವಕಮ್ಮನ ಸಾಕ್ಷಿ

"ಕಾಲು ಮುಟ್ಟಬ್ಯಾಡ ಅಂದೆ ನಿನಗ. ಕಿವಿ ಕೇಳಸ್ತದೋ ಇಲ್ಲೋ?"

ಪರಿಮಳಾ ಕೇಳಲಿಲ್ಲ. ಅತ್ತೆ ದೇವಕಮ್ಮನ ಬಲಗಾಲಿಗೆ ಸುತ್ತಿದ್ದ ಹಳೆಯ ಸೀರೆಯ ತುಂಡನ್ನು ಬಿಚ್ಚಿಯೇಬಿಟ್ಟಳು. ಬಿಚ್ಚಿದ್ದೇ ತಡ, ಕೊಳೆತ ವಾಸನೆ ಪಡಸಾಲೆಯ ತುಂಬ ಹರಡಿತು. ಹೆಬ್ಬೆರಳು ಕರ್ರಗಾಗಿತ್ತು. ಪಕ್ಕದ ಬೆರಳುಗಳೂ ಅದೇ ದಾರಿ ಹಿಡಿದಿದ್ದವು. ಗಾಯದ ಮೇಲೆ ಪ್ರಾರ್ಥನೆಯ ಎಣ್ಣೆ ಹೊಳೆಯುತ್ತಿತ್ತು. ಅಯ್ಯೋ, ಕಣ್ಣಿಂದ ನೋಡಲಾಗದು! ಹೊಲದಲ್ಲಿ ಚುಚ್ಚಿದ ಒಂದು ಜಾಲಿಮುಳ್ಳು... ಸಕ್ಕರೆ ಕಾಯಿಲೆಯವರ ಕಾಲಿಗೆ ನೋವೂ ತಿಳಿಯುವುದಿಲ್ಲ... ಅಷ್ಟರಿಂದ ಇಷ್ಟಾಗಿತ್ತು.

"ಮುಚ್ಚು ಅದನ್ನ," ಎಂದ ಗಂಡ ಶರಣಕುಮಾರ, ಬಾಗಿಲಲ್ಲೇ ನಿಂತು. "ಓಣ್ಯಾಗಿನ ಮಂದಿಗೆ ವಾಸನಿ ಹೋಗ್ತದ."

"ನಿಮಗ ಓಣಿ ಚಿಂತಿ ಅದ. ನನಗ ಅತ್ತಿ ಉಳೀತಾರೋ ಇಲ್ಲೋ ಅನ್ನೋ ಚಿಂತಿ ಅದ. ಯಾದಗಿರಿ ದವಾಖಾನಿಗೆ ಕರ್ಕೊಂಡು ನಡೀರಿ."

"ಅವ್ವ ಸಾಕ್ಷಿ ಹೇಳ್ಯಾಳ. ಎಲ್ಲಾರ ಮುಂದ ಹೇಳ್ಯಾಳ. ಈಗ ದವಾಖಾನಿ ಅಂದ್ರ ಹ್ಯಾಂಗ?"

ಸಾಕ್ಷಿ! ಈ ಮಾತನ್ನು ಬಿಡಿಸಿ ಹೇಳದಿದ್ದರೆ ಇಂಥ ಹುಚ್ಚು ಎಲ್ಲಿಂದ ಬಂತೆಂದು ಯಾರಿಗೂ ಅರ್ಥವಾಗದು. ರಾಮಸಮುದ್ರದ ಆ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಭಾನುವಾರದ ಹಾಡು ಮುಗಿದ ಮೇಲೆ, ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು ವಾಡಿಕೆ. ಅದೇ ಸಾಕ್ಷಿ. ಈಸ್ಟರ್ ಹಬ್ಬದ ದಿನ ದೇವಕಮ್ಮ ಎದ್ದು ನಿಂತು, "ನನ್ನ ಸಕ್ರಿ ರೋಗ ಸ್ವಾಮಿ ತಗದಾನ. ಗುಳಿಗಿ ಎಲ್ಲಾ ತಿಪ್ಪಿಗೆ ಒಗದೇನಿ" ಎಂದುಬಿಟ್ಟಳು. ಹಬ್ಬದೂಟಕ್ಕೆ ಬಂದು ಬಾಗಿಲ ಹೊರಗೆ ಕೂತಿದ್ದ ತಮ್ಮ ಮಲ್ಕಪ್ಪನ ಮುಖವನ್ನೇ ನೋಡುತ್ತ ಹೇಳಿದಳು. ವನದುರ್ಗದಲ್ಲಿ ಕುರಿ ಸಾಕಿಕೊಂಡಿದ್ದ ಆ ಮಲ್ಕಪ್ಪ, ಅಕ್ಕ ಕ್ರೈಸ್ತಳಾದ ದಿನ, "ಮನಿದೇವರ ಬಿಟ್ಟವರು ನರಳಿ ಸಾಯ್ತಾರ" ಎಂದು ಊರಿಗೆಲ್ಲ ಕೇಳುವಂತೆ ಬೈದು ಹೋಗಿದ್ದ. ಅವನಿಗೆ ತಕ್ಕ ಉತ್ತರ ಕೊಟ್ಟೆನೆಂದು ದೇವಕಮ್ಮ ಅವತ್ತು ಹಿಗ್ಗಿದಳು. ಮಂದಿರವೆಲ್ಲ ಚಪ್ಪಾಳೆ ತಟ್ಟಿತು.

ಅಲ್ಲಿಂದ ಶರಣಕುಮಾರನ ಗತ್ತೇ ಬೇರೆಯಾಯಿತು. ಹತ್ತಿ ಗೋದಾಮಿನ ಗುಮಾಸ್ತ ಭಾನುವಾರದ ಹಾಡಿಗೆ ಮುಂದಾಳಾದ. ಸುತ್ತಲ ಊರಿನವರು, "ಗುಣ ಆದ ಅವ್ವ ಇವರ ತಾಯೀನ ಏನು?" ಎಂದು ಕೇಳಿಕೊಂಡು ಬಂದರು. ಈಗ ಅದೇ ತಾಯಿಯ ಕಾಲು ಮಂಚದ ಮೇಲೆ ಕೊಳೆಯುತ್ತಿದ್ದರೆ ಮಗನಿಗೆ ವಾಸನೆಯ ಚಿಂತೆ! ದೇವರ ಹೆಸರು ಹೇಳಿಕೊಂಡು ತಮ್ಮ ಮರ್ಯಾದೆ ಕಾಯ್ದುಕೊಳ್ಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಪರಿಮಳಾ ಶಹಾಪುರದ ಹುಡುಗಿ. ತೊಟ್ಟಿಲಲ್ಲೇ ಪ್ರಾರ್ಥನೆ ಕೇಳಿ ಬೆಳೆದವಳು. "ಹುಟ್ಟಾ ಕ್ರೈಸ್ತಳಂತ, ಸಾಸಿವಿ ಕಾಳಿನಷ್ಟು ವಿಶ್ವಾಸ ಇಲ್ಲ" ಎಂದು ಅತ್ತೆ ದಿನವೂ ಚುಚ್ಚುತ್ತಿದ್ದಳು. ಒಮ್ಮೆ ಅಂಬಲಿಯಲ್ಲಿ ಗುಳಿಗೆ ಅರೆದು ಹಾಕಿದ್ದು ಗೊತ್ತಾಗಿ, "ವಿಷಾ ಹಾಕ್ತೀಯೇನು ನನಗ?" ಎಂದು ಬಟ್ಟಲನ್ನು ಸೊಸೆಯ ಮೈಮೇಲೇ ಚೆಲ್ಲಿದಳು. ಅದನ್ನೂ ನುಂಗಿಕೊಂಡಳು ಪರಿಮಳಾ. ಇವತ್ತು ನುಂಗಲಾಗಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಮಂಡಿಯೂರಿದಳು.

"ಸ್ವಾಮೀ, ನಿನ್ನ ನಂಬೇನಿ. ಇವರ ಮಾತು ನಂಬಿ ಸುಮ್ಮನ ಕುಂತ್ರ ಈ ಮುದುಕಿ ಸಾಯ್ತಾಳ. ನನಗ ಸಿಟ್ಟು ಬಂದದ. ಸಿಟ್ಟು ತಪ್ಪಾದ್ರ ಆಮ್ಯಾಲ ಬೈಯಿ, ಕೇಳ್ತೀನಿ. ಈಗ ಬಿಡು."

ಎದ್ದವಳೇ ಫೋನು ತೆಗೆದು, ಕಾಲಿನ ಸಂಗತಿ ಯಾರಿಗೆ ಗೊತ್ತಾಗಬಾರದೆಂದು ಇಷ್ಟು ದಿನ ಮುಚ್ಚಿಟ್ಟಿದ್ದರೋ ಅದೇ ಮಲ್ಕಪ್ಪನಿಗೆ ಹಚ್ಚಿದಳು.

ಮಧ್ಯಾಹ್ನದೊಳಗೆ ಕುರಿ ಸಾಗಿಸುವ ಗೂಡ್ಸ್ ಆಟೊ ಬಾಗಿಲಿಗೆ ಬಂದು ನಿಂತಿತು.

"ನಗಾಕ ಬಂದೀಯೇನು ಮಾವಾ?" ಎಂದ ಶರಣಕುಮಾರ.

ಮಲ್ಕಪ್ಪ ಅವನನ್ನು ದಾಟಿಕೊಂಡು ಒಳಗೆ ಹೋದ. ಅಕ್ಕನ ಕಾಲು ನೋಡಿ ಮಂಚದ ಪಕ್ಕ ನೆಲದ ಮೇಲೆ ಕೂತ. ಹೆಗಲ ಮೇಲಿನ ಟವೆಲು ಬಾಯಿಗೆ ಒತ್ತಿಕೊಂಡ. "ಅಕ್ಕಾ... ನನ್ನ ಕುರಿ ಕಾಲಿಗೆ ಹುಳಾ ಬಿದ್ರ ನನಗ ಊಟ ಹೋಗಂಗಿಲ್ಲ. ನಿನಗ ಇಷ್ಟಾದ್ರೂ ಒಂದು ಮಾತು ಹೇಳಲಿಲ್ಲೇನು? ತಮ್ಮ ನಗ್ತಾನಂತ ತಿಳ್ಕೊಂಡ್ಯಾ?"

ದೇವಕಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. "ನಾ ಬರಂಗಿಲ್ಲ. ಸತ್ರ ವಿಶ್ವಾಸದಾಗ ಸಾಯ್ತೀನಿ."

ಶರಣಕುಮಾರ ಹೊಸ್ತಿಲಿಗೆ ಅಡ್ಡ ನಿಂತ. "ಪರಿಮಳಾ, ಅವ್ವನ್ನ ಕರ್ಕೊಂಡು ಈ ಹೊಸ್ತಿಲ ದಾಟಿದ್ರ ನೀ ತಿರುಗಿ ಬರಬ್ಯಾಡ. ನಿನ್ನೊಳಗ ಸೈತಾನ ಹೊಕ್ಕಾನ."

ಅಷ್ಟು ವರ್ಷ ಗಂಡನ ಮುಂದೆ ದನಿ ಎತ್ತದವಳು ಅವತ್ತು ಎತ್ತಿದಳು. "ಹೊಕ್ಕಿದ್ರ ಹೊಗಲ್ರಿ. ದೇವರ ಮಾನ ಕಾಯಾಕ ನಿಮ್ಮ ಅವ್ವನ ಕಾಲು ಬೇಕೇನ್ರಿ? ನಮ್ಮ ಸ್ವಾಮಿ ಸತ್ತು ಎದ್ದು ಬಂದ ಮ್ಯಾಲೂ ತನ್ನ ಗಾಯ ಮುಚ್ಚಿಕೊಳ್ಳಲಿಲ್ಲ. ಬರ್ರಿ, ಮುಟ್ಟಿ ನೋಡ್ರಿ ಅಂತ ಶಿಷ್ಯರಿಗೆ ತೋರಿಸಿದ. ನೀವು ಯಾರಿಗಂಜಿ ಮುಚ್ಚಾಕತ್ತೀರಿ? ದೇವರ ಹೆಸರು ಕೆಡ್ತದಂತಲ್ಲ, ನಿಮ್ಮ ಹೆಸರು ಕೆಡ್ತದಂತ. ಸರೀರಿ ದಾರಿ ಬಿಟ್ಟು."

ಶರಣಕುಮಾರ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದ. ಮಲ್ಕಪ್ಪ ಒಂದು ಕಡೆ, ಪರಿಮಳಾ ಒಂದು ಕಡೆ ಹಿಡಿದು, ಬೈಯುತ್ತಿದ್ದ ದೇವಕಮ್ಮನನ್ನು ಎತ್ತಿಕೊಂಡೇ ಹೋದರು.

ಬರೀ ಬೆರಳು ತೆಗೆದರೆ ಸಾಕೆನ್ನುವ ಹೊತ್ತು ಎಂದೋ ಮೀರಿತ್ತು. ಜೀವ ಉಳಿಸಲು ಮೊಣಕಾಲ ಕೆಳಗೆ ತೆಗೆಯಲೇಬೇಕೆಂದರು ಯಾದಗಿರಿಯ ವೈದ್ಯರು. ತೆಗೆದರು. ಮಗ ಬರಲಿಲ್ಲ. ಯಾದಗಿರಿಯಿಂದ ಭಾನುವಾರ ರಾಮಸಮುದ್ರಕ್ಕೆ ಬರುತ್ತಿದ್ದ ಪಾಸ್ಟರ್ ಚಂದ್ರಾಮಪ್ಪ ಸುದ್ದಿ ಕೇಳಿ ಬಂದು, ಮಂಚದ ಪಕ್ಕ ಪ್ರಾರ್ಥನೆ ಮಾಡಿ, "ಗುಳಿಗಿ ಒಗೀರಿ ಅಂತ ನಾ ಎಂದಾದ್ರೂ ಹೇಳೇನೇನವ್ವಾ?" ಎಂದರು.

"ಹೇಳಿಲ್ರಿ," ಎಂದಳು ಪರಿಮಳಾ. "ಆದ್ರ ಒಗದೇನಿ ಅಂದಾಗ ನೀವೂ ಚಪ್ಪಾಳಿ ಬಡದ್ರಿ."

"ಹೌದವ್ವಾ, ಬಡದೆ," ಎಂದರು ಪಾಸ್ಟರ್.

ಮನೆಯ ಬಾಗಿಲು ಮುಚ್ಚಿತ್ತಲ್ಲ, ಅತ್ತೆ ಸೊಸೆ ಇಬ್ಬರೂ ವನದುರ್ಗಕ್ಕೆ ಮಲ್ಕಪ್ಪನ ಮನೆಗೆ ಹೋದರು. ಮನೆದೇವರ ಜಗಲಿಯ ಎದುರಿಗೇ ಕೂತು ಇಬ್ಬರೂ ತಮ್ಮ ಸ್ವಾಮಿಗೆ ಪ್ರಾರ್ಥನೆ ಮಾಡುವಾಗ, ಮಲ್ಕಪ್ಪ ಟಿವಿ ಆರಿಸಿ ಸುಮ್ಮನೆ ಕೂರುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದ: "ಅಕ್ಕಾ, ಈಗಾದ್ರೂ ಬಿಡ್ತೀಯೇನು ಆ ದೇವರನ್ನ?"

ದೇವಕಮ್ಮ ಅಳತೊಡಗಿದಳು. "ಇಲ್ಲ ತಮ್ಮಾ. ನಾ ಇಷ್ಟು ಸೊಕ್ಕು ಮಾಡಿದ್ರೂ ಅವ ನನ್ನ ಕೈಬಿಟ್ಟಿಲ್ಲ. ನಾ ಅಂಬಲಿ ಚೆಲ್ಲಿದ ಮೈಮ್ಯಾಲೇ ನನ್ನ ಹೊತ್ತುಕೊಂಡು ಬಂದಾಳಲ್ಲ ಈಕಿ... ಆ ಬುದ್ಧಿ ಯಾರು ಕೊಟ್ಟಾರ ಈಕೀಗ? ರಾಮಸಮುದ್ರಕ್ಕ ಕರ್ಕೊಂಡು ಹೋಗು. ನಂದೊಂದು ಕೆಲಸ ಉಳದದ."

ಆ ಭಾನುವಾರ ಮಂದಿರದಲ್ಲಿ ಹಾಡು ಮುಗಿದಾಗ, ತಮ್ಮನ ಮತ್ತು ಸೊಸೆಯ ಹೆಗಲು ಹಿಡಿದು ದೇವಕಮ್ಮ ಒಳಗೆ ಬಂದಳು. ಹಾಡಿನ ಮುಂದಾಳು ಶರಣಕುಮಾರ ತಾಯಿಯ ಜೋತಾಡುವ ಸೀರೆಯನ್ನು ಮೊದಲ ಸಲ ನೋಡಿದ.

"ಈಸ್ಟರ್ ದಿನ ನಾ ಸುಳ್ಳು ಹೇಳಿದೆ," ಎಂದಳು ದೇವಕಮ್ಮ. "ಗುಣ ಆಗಲಿ ಅಂತ ಆಸಿ ಇತ್ತು. ಆಗ್ಯಾದ ಅಂದುಬಿಟ್ಟೆ. ತಮ್ಮನ ಮುಂದ ನನ್ನ ಕೈ ಮ್ಯಾಲಾಗಬೇಕಾಗಿತ್ತು. ನನ್ನ ಕಾಲು ಸ್ವಾಮಿ ತಗದಿಲ್ಲ, ತಮ್ಮನ ಮನಿದೇವರೂ ತಗದಿಲ್ಲ. ನನ್ನ ಸೊಕ್ಕು ತಗದದ. ಈಗ ದಿನಾ ಗುಳಿಗಿ ನುಂಗ್ತೀನಿ, ದಿನಾ ಸ್ವಾಮೀನ ನಂಬ್ತೀನಿ. ಇದು ಖರೇ ಸಾಕ್ಷಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಸ್ಟರ್ ಕಣ್ಣೊರೆಸಿಕೊಂಡರು. ಶರಣಕುಮಾರ ಜನರ ನಡುವಿನಿಂದ ತಡವರಿಸುತ್ತ ಬಂದು ಹೆಂಡತಿಯ ಮುಂದೆ ಕೈಮುಗಿದು ನಿಂತ. "ತಪ್ಪಾಗ್ಯಾದ ಪರಿಮಳಾ... ದೇವರ ಮುಂದ ಕೇಳ್ತೀನಿ, ಕ್ಷಮಾ ಮಾಡು. ಮನಿಗೆ ಬಾ."

ಅವಳು ಅತ್ತು ಕಾಲಿಗೆ ಬೀಳುತ್ತಾಳೆಂದು ಮಂದಿರವೆಲ್ಲ ಕಾದಿತ್ತು. ಪರಿಮಳಾ ಅಳಲಿಲ್ಲ.

"ದೇವರು ಕ್ಷಮಾ ಮಾಡ್ಯಾನು, ಅವನ ಮನಸು ದೊಡ್ಡದು. ನನ್ನ ಸಿಟ್ಟು ಇನ್ನಾ ಹೋಗಿಲ್ಲರಿ. ಹೋದ ದಿನ ನಾನ ಹೇಳ್ತೀನಿ. ಈಗ ಬಂದು ನಿಮ್ಮ ಅವ್ವನ್ನ ಆ ಕಡಿಂದ ಹಿಡೀರಿ. ಮೆಟ್ಲು ಇಳೀಬೇಕು."

ಮಲ್ಕಪ್ಪ ತನ್ನ ಜಾಗ ಬಿಟ್ಟುಕೊಟ್ಟ. ಶರಣಕುಮಾರ ಬಗ್ಗಿ ತಾಯಿಯ ತೋಳಿಗೆ ಹೆಗಲು ಕೊಟ್ಟ. ಮೂವರೂ ಒಂದೊಂದೇ ಮೆಟ್ಟಿಲು ಇಳಿದರು.