ತಾಯಿಗಿಡ ಕಳವು ಪ್ರಕರಣ

ಸೋಮವಾರ ಬೆಳಿಗ್ಗೆ ಬ್ರೆಡ್‌ನಟ್ ಹಿಲ್ ಠಾಣೆಗೆ ಬಂದ ದೂರನ್ನು ಬರೆದವರು ರಾಜಧಾನಿ ಕಿಂಗ್‌ಸ್ಟನ್ನಿನ ವಕೀಲರು. ಪರವಾನಗಿ ಪಡೆದ ಕೆಲ್ವರ್ಟ್ ಕಂಪನಿಯ ಗಾಂಜಾ ತೋಟಕ್ಕೆ ಭಾನುವಾರ ಮಧ್ಯಾಹ್ನ ಎರಡರ ಸುಮಾರಿಗೆ ಇಬ್ಬರು ಗಂಡಸರು ನುಗ್ಗಿ ಒಂದು ತಾಯಿಗಿಡವನ್ನು ಬೇರು ಸಮೇತ ಕಿತ್ತೊಯ್ದಿದ್ದಾರೆ. ಆ ಗಿಡದಿಂದ ಕತ್ತರಿಸಿದ ಕಡ್ಡಿಗಳೇ ಬೆಳೆದು ತೋಟವಾಗಿದ್ದವು.

ಇಬ್ಬರು ಎಂಬ ಮಾತೊಂದೇ ಕಾನ್‌ಸ್ಟೆಬಲ್ ಡೇಕರ್ಸ್‌ಗೆ ಸಾಕಾಯಿತು. ಎಫ್‌ಐಆರ್‌ನ ಶಾಯಿ ಒಣಗುವ ಮೊದಲೇ ಕ್ಲೀವ್ ಮತ್ತು ಆಸ್ಬರ್ಟ್ ಫೇಸಿ ಎಂಬ ಅಣ್ಣತಮ್ಮಂದಿರನ್ನು ಹಿಡಿದು ತಂದ. ರಸ್ತೆ ಬದಿಯಲ್ಲಿ ಯಾಮ್ ಗೆಡ್ಡೆ ಸುಟ್ಟು ಉಪ್ಪುಮೀನಿನ ಜೊತೆ ಮಾರುವವರು. ಗಾಂಜಾ ಬೆಳೆಯುವುದು ಅಪರಾಧವಾಗಿದ್ದಾಗ ಜೈಲು ಕಂಡವರು ಅವರು. ಅದು ಉದ್ಯಮವಾದ ಮೇಲೂ ಅನುಮಾನ ಮೊದಲು ಬೀಳುವುದು ಅವರ ಮೇಲೆಯೇ.

"ಮಿಸ್ ವೀ, ನಿನ್ನೆ ಚರ್ಚಿನ ಮುಂದೆ ಯಾಮ್ ಸುಡ್ತಾ ಇದ್ವಿ," ಎಂದ ಕ್ಲೀವ್ ಲಾಕಪ್ಪಿನ ಸರಳು ಹಿಡಿದು. "ನಿಮ್ಮ ಡೇಕರ್ಸೇ ಎರಡು ತಿಂದ."

"ಒಂದೇ ತಿಂದಿದ್ದು ಮೇಡಂ."

"ದುಡ್ಡು ಕೊಟ್ಟಿದ್ದು ಒಂದಕ್ಕೆ."

"ಎಷ್ಟೊತ್ತಿಗೆ?" ಎಂದರು ಇನ್‌ಸ್ಪೆಕ್ಟರ್ ವೆರೋನಾ ಪ್ಲಮರ್, ಊರವರ ಮಿಸ್ ವೀ.

"ಹನ್ನೊಂದಕ್ಕೆ," ಎಂದ ಡೇಕರ್ಸ್. ಕಳವಾದದ್ದು ಎರಡಕ್ಕೆ. ಆ ಸಾಕ್ಷಿ ಉಪಯೋಗಕ್ಕೆ ಬರಲಿಲ್ಲ.

ಆಸ್ಬರ್ಟ್ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದ. "ಈ ಸಲ ಒಳಗೆ ಹೋದ್ರೆ ನನ್ನ ಹೆಂಡ್ತಿ ಕಾಯಲ್ಲ, ಮಿಸ್ ವೀ," ಎಂದ ಮೆಲ್ಲಗೆ.

ಫೋನು ಬಂತು. ಸೂಪರಿಂಟೆಂಡೆಂಟ್.

"ಪ್ಲಮರ್, ನಾಳೆ ಹೊರದೇಶದ ಬಂಡವಾಳದವರು ತೋಟ ನೋಡೋಕೆ ಬರ್ತಿದಾರೆ. ಮಂತ್ರಿಗಳೂ ಇರ್ತಾರೆ. ಸಂಜೆಯೊಳಗೆ ಆ ಇಬ್ಬರನ್ನೂ ಕೋರ್ಟಿಗೆ ಕಳಿಸಿಬಿಡು."

"ಗಿಡ ಸಿಕ್ಕಿಲ್ಲ ಸರ್."

"ಆಸಾಮಿಗಳು ಸಿಕ್ಕಿದಾರಲ್ಲ."

ಪ್ಲಮರ್ ಫೋನಿಟ್ಟು ಎದ್ದರು, ಮತ್ತೆ ಕೂತರು, ಟೋಪಿ ಹಾಕಿಕೊಂಡು ತೆಗೆದರು. ಕಡೆಗೆ ಜೀಪಿನ ಕೀಲಿ ಎತ್ತಿಕೊಂಡರು. ಹಿಂದೆ ಇದೇ ಠಾಣೆಯ ಜೀಪು ಇದೇ ಗುಡ್ಡ ಹತ್ತುತ್ತಿದ್ದದ್ದು ಗಾಂಜಾ ಗಿಡ ಸುಡುವುದಕ್ಕೆ. ಈಗ ಹತ್ತುವುದು ಅದನ್ನು ಕಾಯುವುದಕ್ಕೆ. ಗಿಡ ಬದಲಾಗಿಲ್ಲ, ಅದರ ಯಜಮಾನ ಬದಲಾಗಿದ್ದಾನೆ.

ತೋಟದ ಸುತ್ತ ಆಳೆತ್ತರ ಮೀರಿದ ಬೇಲಿ, ಕಂಬಕ್ಕೊಂದು ಕ್ಯಾಮೆರಾ, ಗೇಟಿಗೆ ಕಾವಲು. ಇಷ್ಟಿಲ್ಲದೆ ಪರವಾನಗಿ ಇಲ್ಲ ಎಂದು ಕಾನೂನು. ಇಷ್ಟು ಕಟ್ಟಿಸಲು ಗುಡ್ಡದ ಯಾವ ರೈತನಿಗೆ ಸಾಧ್ಯ ಎಂದು ಕಾನೂನು ಕೇಳಲಿಲ್ಲ. ಭಾನುವಾರದ ಮಳೆಗೆ ಕರೆಂಟು ಹೋಗಿ ಕ್ಯಾಮೆರಾಗಳು ಕಣ್ಣು ಮುಚ್ಚಿದ್ದವು. ಬೇಲಿಯ ಕೆಳಗೆ ನೀರು ಕೊರೆದ ಕಾಲುವೆಯಲ್ಲಿ ಒಬ್ಬರು ನುಸುಳುವಷ್ಟು ಜಾಗವಿತ್ತು. ಪಂಚರ ಸಮ್ಮುಖದಲ್ಲಿ ಪ್ಲಮರ್ ಪಂಚನಾಮೆ ಬರೆಸಿದರು: ಕೆಸರಿನಲ್ಲಿ ಬರಿಗಾಲಿನ ಹೆಜ್ಜೆಗಳು, ಎಲ್ಲವೂ ಒಂದೇ ಅಳತೆಯವು.

"ಇನ್ನೊಬ್ಬ ಹಾರಿಕೊಂಡು ಬಂದ್ನಾ?" ಎಂದು ಡೇಕರ್ಸ್‌ನನ್ನು ಕೇಳಿದರು. ಅವನು ಕೆಮ್ಮಿದ.

ತೋಟದ ಮ್ಯಾನೇಜರ್ ಹಾಲ್ವರ್ಸನ್ ಕೆನಡಾದವನು, ಬಂದು ಎರಡು ತಿಂಗಳಾಗಿತ್ತು.

"ಅವರನ್ನ ನೀವು ನೋಡಿದ್ರಾ?"

"ಇಲ್ಲ. ಒಣಗಿಸೋ ಶೆಡ್ಡಲ್ಲಿದ್ದೆ. ಹಲಗೆ ಆಚೆ ದನಿ ಕೇಳಿಸ್ತು. ಓಡಿ ಬರೋಷ್ಟರಲ್ಲಿ ಗಿಡ ಇಲ್ಲ."

"ಎರಡು ದನಿನಾ?"

"ದನಿ ಒಂದೇ. ಆದ್ರೆ ಇಬ್ಬರು ಇದ್ದಿದ್ದು ಖಂಡಿತ. ಅವನೇ ಹೇಳಿದ್ನಲ್ಲ."

"ಏನು ಹೇಳಿದ? ವಕೀಲರು ಬರೆದಿದ್ದು ಬೇಡ. ಕಿವಿಗೆ ಬಿದ್ದಿದ್ದು ಹೇಳಿ."

ಹಾಲ್ವರ್ಸನ್ ಆ ಮಾತಿನ ರಾಗವನ್ನೇ ಅನುಕರಿಸಿದ: "‘ಬಾ ತಾಯೀ, ನಾನೂ ನಾನೂ ನಿನ್ನ ಮನೆಗೆ ಕರಕೊಂಡು ಹೋಗ್ತೀವಿ.’ ನಾನೂ ನಾನೂ ಅಂದ್ರೆ ಇಬ್ಬರೇ ಅಲ್ವಾ?"

ಡೇಕರ್ಸ್ ಮುಖ ತಿರುಗಿಸಿಕೊಂಡ. ಪಂಚರಲ್ಲಿ ಒಬ್ಬಾಕೆ ಬಾಯಿಗೆ ಸೆರಗಿನಂತೆ ತಲೆವಸ್ತ್ರ ಒತ್ತಿಕೊಂಡಳು.

"ಅಲ್ಲ ಸ್ವಾಮಿ," ಎಂದರು ಪ್ಲಮರ್. "ಇಲ್ಲಿನ ರಾಸ್ತಾ ಪಂಥದ ಜನ ಹಾಗೇ ಮಾತಾಡೋದು. ದೇವರು ಬೇರೆ ಎಲ್ಲೂ ಇಲ್ಲ, ಒಳಗೇ ಇದಾನೆ ಅಂತ ಅವರ ನಂಬಿಕೆ. ನಾನೂ, ಒಳಗಿರೋ ನಾನೂ. ಒಂಟಿಯಾಗಿದ್ರೂ ಅವರು ನಾನೂ ನಾನೂನೇ."

"ಹಾಗಾದ್ರೆ ನಾನು ದೂರು ಕೊಟ್ಟಿದ್ದು..."

"ಒಬ್ಬ ಮನುಷ್ಯ, ಒಬ್ಬ ದೇವರ ಮೇಲೆ. ಅದಕ್ಕೆ ನಮ್ಮವರು ಯಾಮ್ ಮಾರೋ ಇಬ್ಬರನ್ನ ಒಳಗೆ ಹಾಕಿದಾರೆ." ಅವರ ದನಿಯಲ್ಲಿ ನಗೆಯಿರಲಿಲ್ಲ. "ಈ ತಾಯಿಗಿಡ ಎಲ್ಲಿಂದ ಬಂತು?"

"ನಾನು ಬರೋ ಮೊದಲೇ ಇತ್ತು. ಗುಡ್ಡದ ಮೇಲಿನ ಒಬ್ಬ ಮುದುಕ ಪ್ರೀತಿಯಿಂದ ಕಡ್ಡಿ ಕೊಟ್ಟಿದ್ನಂತೆ. ಈಗ ತಳಿ ನಮ್ಮ ಹೆಸರಲ್ಲೇ ನೋಂದಣಿಯಾಗಿದೆ."

ಆ ಮುದುಕ ಯಾರೆಂದು ಗುಡ್ಡದ ಮೇಲೆ ಎರಡನೆಯವರನ್ನು ಕೇಳಬೇಕಾಗಲಿಲ್ಲ. ಬೊಂಗೊ ಜಬೆಜ್ ತನ್ನ ತಗಡಿನ ಮನೆಯ ಅಂಗಳದಲ್ಲೇ ಕೂತಿದ್ದ. ಗಿಡವನ್ನು ಬಚ್ಚಿಟ್ಟಿರಲಿಲ್ಲ. ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟು ಬಾಗಿಲ ಪಕ್ಕ ನೆರಳಿಗಿಟ್ಟಿದ್ದ.

"ಬ್ಯಾಬಿಲಾನಿನ ಜೀಪು ಬಂತು. ಕೂತ್ಕೋ ಮಗಳೇ," ಎಂದ. ಪೊಲೀಸು, ಸರ್ಕಾರ ಎಲ್ಲ ರಾಸ್ತಾಗಳ ಬಾಯಲ್ಲಿ ಬ್ಯಾಬಿಲಾನೇ.

"ಈ ಗಿಡ ಕದ್ದಿದ್ದು ನೀವಾ, ಬೊಂಗೊ?"

"ಕದಿಯೋದಾ? ಮಗಳನ್ನ ಗಂಡನ ಮನೇಲಿ ಸರಿಯಾಗಿ ನೋಡ್ಕೊಳ್ಳದಿದ್ರೆ ಕರಕೊಂಡು ಬರಲ್ವಾ?"

"ಫೇಸಿ ಅಣ್ಣತಮ್ಮಂದಿರು ನಿಮ್ಮ ಬದಲಿಗೆ ಒಳಗಿದಾರೆ. ಸಂಜೆ ಕೋರ್ಟಿಗೆ ಹೋಗ್ತಾರೆ."

ಮುದುಕನ ಕೈ ಗಡ್ಡದಲ್ಲೇ ನಿಂತಿತು. "ಆ ಹುಡುಗರು ಯಾಕೆ?" ಉತ್ತರಕ್ಕೆ ಕಾಯದೆ ಎದ್ದು, ನೇತುಹಾಕಿದ್ದ ಅಂಗಿ ತೊಟ್ಟುಕೊಂಡ. "ನಡಿ."

ಮಹಜರು ಮುಗಿಯಿತು. ಗಿಡ ಜಪ್ತಿಯಾಯಿತು. ಗುಡ್ಡದ ದಾರಿ ಕಲ್ಲುಗುಂಡಿಯದು. ಜೀಪಿನ ಹಿಂದೆ ಇಟ್ಟರೆ ಕಾಂಡ ಮುರಿಯುತ್ತದೆ ಎಂದು ಡೇಕರ್ಸ್ ಡಬ್ಬ ಹಿಡಿದುಕೊಂಡು ಪೇಚಾಡಿದ. ಬೊಂಗೊ ಜಬೆಜ್ ಅದನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ. ಕೈಕೋಳ ಹಾಕಲಿಲ್ಲ. ಹಾಕಿದರೆ ಗಿಡ ಹಿಡಿಯುವವರಿರಲಿಲ್ಲ.

ದಾರಿಯಲ್ಲಿ ಅವನ ಹೇಳಿಕೆ ಪಡೆದರು; ಫೇಸಿ ಅಣ್ಣತಮ್ಮಂದಿರನ್ನು ಬಿಡಲು ಅಷ್ಟು ಸಾಕಿತ್ತು. ಕಾನೂನು ಬಂದ ಮೇಲೆ ಅವನೂ ಪರವಾನಗಿಗೆ ಹೋಗಿದ್ದ. ಬೀಜ ಎಲ್ಲಿಂದ ತಂದೆ ಎಂದು ಅಧಿಕಾರಿ ಕೇಳಿದ. ಅಪ್ಪನ ತಾಯಿಯಿಂದ ಎಂದ. ಅಜ್ಜಿ ನೋಂದಾಯಿತ ಮಾರಾಟಗಾರಳಲ್ಲ, ಈ ತಳಿಗೆ ನೋಂದಾಯಿತರು ಕೆಲ್ವರ್ಟ್‌ನವರೊಬ್ಬರೇ, ಅವರಿಂದ ಕೊಂಡುಕೊಂಡು ಬಾ ಎಂದ ಅಧಿಕಾರಿ. ಅಲ್ಲಿಯವರೆಗೆ ಅವನ ಅಂಗಳದ ಗಿಡಗಳು ಅಕ್ರಮ. ಅಧಿಕಾರಿಗಳು ಅವನ್ನು ಕೀಳಿಸಿದ್ದು ಹೋದ ತಿಂಗಳು. ಒಂದೂ ಉಳಿದಿರಲಿಲ್ಲ.

ಕಂಪನಿಯ ಗೇಟಿನಲ್ಲಿ ಜೀಪು ನಿಂತಿತು. ಸೊತ್ತನ್ನು ಮಾಲೀಕರಿಗೆ ಒಪ್ಪಿಸಬೇಕು. ಮಾಲೀಕರು ಯಾರೆಂದು ಕಾಗದ ಹೇಳುತ್ತಿತ್ತು. ಬೊಂಗೊ ಜಬೆಜ್ ತಾನೇ ಇಳಿದು ಡಬ್ಬವನ್ನು ಕಾವಲಿನವನ ಕೈಗೆ ಕೊಟ್ಟ.

"ಬೇರು ನೊಂದಿದೆ," ಎಂದ. "ಮೂರು ದಿನ ಬಿಸಿಲಿಗೆ ಇಡಬೇಡ್ರಪ್ಪ."