ಬದಲಾದ ನೀರು

ಲಾಯರಮ್ಮ ವರದಿಯನ್ನು ಒಮ್ಮೆ ಓದಿದರು. ತಾವೇ ತಪ್ಪು ಓದಿದೆವೇನೋ ಎಂಬಂತೆ ಇನ್ನೊಮ್ಮೆ ಓದಿದರು.

"ಏಳೂ ಬಾವಿಗಳ ನೀರು ಕುಡಿಯಲು ಯೋಗ್ಯ. ವಿಷಕಾರಿ ಅಂಶ ಪತ್ತೆಯಾಗಿಲ್ಲ."

"ಯೋಗ್ಯನಾ?" ಗಾರೆಯವನ ಹೆಂಡತಿ ಮಡಿಲಲ್ಲಿದ್ದ ಮಗಳ ಅಂಗಿಯ ತೋಳನ್ನು ಮೇಲೆಳೆದು ತೋರಿಸಿದಳು. ಮೊಣಕೈಯಿಂದ ಭುಜದವರೆಗೆ ಕೆಂಪು ಗುಳ್ಳೆ. "ಯೋಗ್ಯವಾದ ನೀರು ಹೀಗೆ ಮಾಡುತ್ತಾ? ಯಾವನು ಬರೆದಿದ್ದು ಅದನ್ನ?"

ಟೈಲರಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಬೀದಿಗೆ ಬೀದಿಯೇ ಮೊಣಕಾಲು ಮಡಚಿ ಕೂತಿತ್ತು. ಬೀದಿಯ ಹಿಂದಿದ್ದ ಕೆಮಿಕಲ್ ಕಾರ್ಖಾನೆ ತನ್ನ ಕೊಳಕನ್ನೆಲ್ಲ ಹಳ್ಳಕ್ಕೆ ಬಿಡುತ್ತಿತ್ತು. ಹಳ್ಳದಿಂದ ಅದು ಬಾವಿಗಳಿಗೆ ಇಳಿದಿತ್ತು. ನೀರು ನೋಡಲು ಕನ್ನಡಿ. ಆದರೆ ಬಣ್ಣಕ್ಕೆ ಬೆರೆಸುವ ತಿನ್ನರ್‌ನ ವಾಸನೆ. ಅರ್ಜಿ ಕೊಟ್ಟು, ಗೇಟಿನ ಮುಂದೆ ಕೂತು, ಪೊಲೀಸರ ಲಾಠಿ ತಿಂದು, ಕೊನೆಗೆ ಮಾಲಿನ್ಯ ಮಂಡಳಿ ವಿಚಾರಣೆಗೆ ಒಪ್ಪಿತ್ತು. ಮುಂದಿನ ವಾರವೇ ವಿಚಾರಣೆ. ಇವರ ಕೈಯಲ್ಲಿದ್ದ ಸಾಕ್ಷಿ, ಬಾವಿಗೊಂದರಂತೆ ಪರೀಕ್ಷೆಗೆ ಕಳಿಸಿದ್ದ ಏಳು ಬಾಟಲಿ ನೀರು ಮಾತ್ರ.

"ಯಾರೋ ನೀರು ಬದಲಾಯಿಸಿದ್ದಾರೆ," ಎಂದರು ಲಾಯರಮ್ಮ.

ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿದವು. ಅಲ್ಲಿ ಆಟೋದವನು ನಿಂತಿದ್ದ. ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಒಯ್ದವನು ಅವನು. ಅವನ ಭಾವಮೈದುನ ಕಾರ್ಖಾನೆಯ ಗೇಟು ಕಾಯುತ್ತಿದ್ದ.

"ನನ್ನನ್ನ ಯಾಕೆ ನೋಡ್ತೀರಿ?" ಎಂದ ಅವನು.

ಬೆಳಗಾಗುವಷ್ಟರಲ್ಲಿ ಅವನ ಆಟೋದ ಮುಂದಿನ ಗಾಜು ಪುಡಿಪುಡಿಯಾಗಿತ್ತು.

ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇನ್ಸ್‌ಪೆಕ್ಟರಮ್ಮನಿಗೆ ಇದೆಲ್ಲ ಕಿಟಕಿಯಲ್ಲೇ ತಿಳಿಯಿತು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಈ ಬೀದಿಗೆ ಬಂದ ಮೇಲೆ ಅವರನ್ನು ಯಾರೂ ಮಾತನಾಡಿಸಿರಲಿಲ್ಲ. ಲಾಠಿ ಬೀಸಿದವರ ಪೈಕಿ ಎಂದು ಜನ ದೂರವೇ ಇಟ್ಟಿದ್ದರು. ಅವರೂ ಹಚ್ಚಿಕೊಳ್ಳಲು ಹೋಗಿರಲಿಲ್ಲ. ಆದರೆ ದಿನಾ ಸಂಜೆ ಟೈಲರಕ್ಕನ ಮನೆಯಲ್ಲಿ ಸಭೆ ಸೇರುವ ಹೊತ್ತಿಗೆ ಸರಿಯಾಗಿ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಳ್ಳುತ್ತಿದ್ದರು. ಅಲ್ಲಿಯ ಜಗಳ, ನಗು, ಲೋಟಗಳ ಸದ್ದು ಕೇಳುತ್ತ ಊಟ ಮುಗಿಸುವುದು ರೂಢಿಯಾಗಿತ್ತು. ಇದನ್ನು ಅವರು ತಮಗೆ ತಾವೇ ಕೂಡ ಒಪ್ಪಿಕೊಂಡಿರಲಿಲ್ಲ.

ಹಾಗಾಗಿ ಆಟೋದವನ ಹೆಂಡತಿ ಬಾಗಿಲು ತಟ್ಟಿದಾಗ ಅವರು ಗಾಬರಿಯಾದರು. ಆ ಬಾಗಿಲನ್ನು ಯಾರಾದರೂ ತಟ್ಟಿ ಎಷ್ಟು ಕಾಲವಾಗಿತ್ತೋ!

"ಮೇಡಂ, ಕಿರಾಣಿ ಅಂಗಡಿಯವರು ಸಾಮಾನು ಕೊಡಲ್ಲ ಅಂತಾರೆ. ನಮ್ಮ ಮನೆಯವರು ನಿನ್ನೆಯಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಅವರು ಅಂಥೋರಲ್ಲ."

"ಎಲ್ಲ ಹೆಂಡತಿಯರೂ ಹಾಗೇ ಹೇಳೋದು."

"ಹೇಳ್ತಾರೆ. ನೀವೇ ಬಂದು ಕೇಳಿ ನೋಡಿ."

ಇನ್ಸ್‌ಪೆಕ್ಟರಮ್ಮ ಚಪ್ಪಲಿ ಮೆಟ್ಟಿದರು.

ಆಟೋದವನು ಎದ್ದು ಕೂತ. ಕಣ್ಣು ಊದಿಕೊಂಡಿದ್ದವು.

"ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿದ್ಯಾ?"

"ಒಂದು ಸಲ. ಟೈರಿಗೆ ಗಾಳಿ ಹಾಕಿಸೋಕೆ. ಅದೇ ಈಗ ಕುತ್ತಿಗೆಗೆ ಬಂದಿದೆ."

"ಭಾವಮೈದುನ ಸಿಕ್ಕಿದ್ನಾ?"

"ಈ ಹೋರಾಟ ಶುರುವಾದ ಮೇಲೆ ಅವನು ನಮ್ಮನೆ ಹೊಸ್ತಿಲು ತುಳಿದಿಲ್ಲ ಮೇಡಂ. ಆ ಕಡೆ ಅವನೂ ಹೋದ, ಈ ಕಡೆ ಬೀದಿಯವರೂ ಹೋದರು. ನಾನು ಯಾರ ಪೈಕಿ ಈಗ?"

ಇನ್ಸ್‌ಪೆಕ್ಟರಮ್ಮ ಪ್ರಯೋಗಾಲಯಕ್ಕೂ ಹೋದರು. ಅಲ್ಲಿಯ ಸಹಾಯಕ ಖಡಾಖಂಡಿತವಾಗಿ ಹೇಳಿದ: "ಬಾಟಲಿಗಳ ಮೊಹರು ಒಡೆದದ್ದು ನಾನೇ. ಅರಗಿನ ಮೇಲೆ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ."

ಮೊಹರಿನ ಅಚ್ಚು ಲಾಯರಮ್ಮನದು. ಅದನ್ನು ಅವರು ಮೊಹರು ಒತ್ತಿದ ದಿನವೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿದ್ದರು.

"ಅಂದಮೇಲೆ ಅಚ್ಚಿನ ನಕಲು ಮಾಡಿರಬೇಕು," ಎಂದರು ಲಾಯರಮ್ಮ, ತಮ್ಮ ಕಚೇರಿಗೆ ಬಂದ ಇನ್ಸ್‌ಪೆಕ್ಟರಮ್ಮನಿಗೆ.

"ಆಟೋದವನು? ಗಾಳಿ ಹಾಕಿಸುವಷ್ಟು ಹೊತ್ತಿನಲ್ಲಿ? ಅದಿರಲಿ. ಆ ದಿನ ನಡೆದದ್ದನ್ನ ಮೊದಲಿಂದ ಹೇಳಿ."

"ಬೆಳಿಗ್ಗೆ ಜನ ಅವರವರ ಬಾವಿಯಿಂದ ಬಾಟಲಿ ತುಂಬಿ ಟೈಲರಕ್ಕನ ಮನೇಲಿಟ್ಟು ಕೆಲಸಕ್ಕೆ ಹೋದರು. ನಾನು ಮಧ್ಯಾಹ್ನ ಬಂದೆ. ಮೊದಲು ಒಂದು ಬಾವಿ ನೋಡೋಕೆ ಹೋದೆ. ಅಬ್ಬಾ, ಬಗ್ಗಿ ನೋಡಿದ್ದಷ್ಟೇ, ಆ ವಾಸನೆಗೆ ಮೂಗು ಮುಚ್ಚಿಕೊಂಡು ಓಡಿಬಂದೆ! ನಿಮ್ಮ ಬೀದಿಯಲ್ಲಿ ಕರ್ಚೀಫು ಇಲ್ಲದೆ ನಾನು ನಡೆದಿದ್ದೇ ಇಲ್ಲ. ಆಮೇಲೆ ಟೈಲರಕ್ಕನ ಕೋಣೆಗೆ ಬಂದು ಸುಧಾರಿಸಿಕೊಂಡೆ. ಚಹಾ ಕೊಟ್ಟರು. ಅಷ್ಟು ಹೊತ್ತಿಗೆ ಎಲ್ಲರೂ ಬಂದರು. ಒಂದೊಂದೇ ಮುಚ್ಚಳ ತೆಗೆದು, ಕಂಠದವರೆಗೆ ನೀರಿದೆಯಾ ಅಂತ ನೋಡಿ, ಮುಚ್ಚಿ, ಅರಗು ಹಾಕಿದೆ. ಎಲ್ಲರೂ ನೋಡ್ತಿದ್ದರು."

"ಬಾಗಿಲು?"

"ಹಾಕಿತ್ತು. ಕಾರ್ಖಾನೆಯವರು ಯಾರಾದರೂ ಇಣುಕಬಾರದು ಅಂತ."

ಇನ್ಸ್‌ಪೆಕ್ಟರಮ್ಮ ಎದ್ದರು. "ನಾಳೆ ಸಂಜೆ ಸಭೆಗೆ ಬನ್ನಿ. ಎಲ್ಲರನ್ನೂ ಕರೆಯಿರಿ. ನಾನು ಕರೆದರೆ ಯಾರೂ ಬರಲ್ಲ."

ಅಲ್ಲಿಂದ ನೇರವಾಗಿ ಅವರು ಟೈಲರಕ್ಕನ ಮನೆಗೆ ಹೋದರು.

ಟೈಲರಕ್ಕ ಒಬ್ಬರೇ ಶಾಲೆ ಮಕ್ಕಳ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದರು. ಹೋರಾಟಕ್ಕೆ ಮೊದಲ ದಿನದಿಂದ ಬೆನ್ನೆಲುಬಾಗಿದ್ದವರು ಅವರು. ಗಾರೆಯವನ ಮಗುವಿಗೆ ದಿನಾ ಸ್ನಾನಕ್ಕೆ, ತಾವು ದುಡ್ಡು ಕೊಟ್ಟು ತರಿಸುವ ಕ್ಯಾನಿನ ನೀರನ್ನೇ ಕೊಡುತ್ತಿದ್ದರು. ಮೂಲೆಯಲ್ಲಿ ಖಾಲಿ ಕ್ಯಾನುಗಳು ಸಾಲಾಗಿ ನಿಂತಿದ್ದವು.

"ಬನ್ನಿ ಬನ್ನಿ. ಎದುರು ಮನೆಯಲ್ಲೇ ಇದ್ದು ಒಂದು ದಿನ ಬರಲಿಲ್ಲ ನೀವು."

"ನೀವು ಕರೆಯಲಿಲ್ಲ."

"ಅದೂ ನಿಜ." ಟೈಲರಕ್ಕ ನಕ್ಕರು. "ಮೊದಲು ನನ್ನ ಮನೆಗೂ ಯಾರೂ ಬರ್ತಿರಲಿಲ್ಲ. ಅಳತೆ ಕೊಡೋರು ಬರ್ತಿದ್ದರು. ಕೈ ಎತ್ತಿ ಅಂದರೆ ಎತ್ತೋರು, ತಿರುಗಿ ಅಂದರೆ ತಿರುಗೋರು, ಹೋಗೋರು. ಕೆಲವು ದಿನ ನನ್ನ ಧ್ವನಿ ನನಗೇ ಮರೆತು ಹೋಗ್ತಿತ್ತು. ಈಗ ನೋಡಿ, ಇನ್ನೂ ಎರಡು ಡಜನ್ ಲೋಟ ತರಬೇಕು."

ಇನ್ಸ್‌ಪೆಕ್ಟರಮ್ಮ ಚಹಾ ಕುಡಿದರು. ಬಹಳ ಒಳ್ಳೆಯ ಚಹಾ. ಎದ್ದು ಹೊರಡಲು ಅವರಿಗೆ ಕಷ್ಟವಾಯಿತು.

ಮರುದಿನ ಸಂಜೆ ಕೋಣೆ ಕಿಕ್ಕಿರಿದಿತ್ತು. ಆಟೋದವನ ಸುತ್ತ ಮಾತ್ರ ಒಂದು ಮೊಳ ಖಾಲಿ ಜಾಗ. ಇನ್ಸ್‌ಪೆಕ್ಟರಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಏಳು ಬಾಟಲಿ ಇಟ್ಟು ಮುಚ್ಚಳ ತೆಗೆದರು.

"ಈಗ ತಾನೇ ಬಾವಿಗಳಿಂದ ಸೇದಿದ್ದು. ಬಾಗಿಲು ಹಾಕಿ."

"ಏನು ನಾಟಕ ಇದು?" ಕಿರಾಣಿ ಅಂಗಡಿಯವನು ಗೊಣಗಿದ.

ಯಾರಿಗೂ ಏನೂ ಅನ್ನಿಸಲಿಲ್ಲ. ಆದರೆ ಲಾಯರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕೆಮ್ಮಿದರು. ಕಣ್ಣಲ್ಲಿ ನೀರು ಬಂತು. ಎದ್ದೇಬಿಟ್ಟರು.

"ಬಾಗಿಲು ತೆಗೀರಿ, ನನಗೆ ಆಗ್ತಿಲ್ಲ!"

"ಒಂದೇ ಪ್ರಶ್ನೆ ಲಾಯರಮ್ಮ. ಅರಗು ಹಾಕಿದ ದಿನವೂ ಇದೇ ಕೋಣೆ, ಇದೇ ಮೇಜು. ಬಾಗಿಲು ಹಾಕಿತ್ತು. ಏಳೂ ಬಾಟಲಿಯ ಮುಚ್ಚಳ ನೀವೇ ತೆಗೆದಿರಿ. ಎಷ್ಟು ಹೊತ್ತು ಕೂತಿದ್ರಿ?"

"ಬಹಳ ಹೊತ್ತು. ಒಂದೊಂದೇ ಮುಚ್ಚಳ ತೆಗೆದು, ನೋಡಿ, ಅರಗು ಹಾಕಿ—" ಲಾಯರಮ್ಮನ ಸೆರಗು ಕೈಯಿಂದ ಜಾರಿತು. "ಆ ದಿನ ವಾಸನೆ ಇರಲಿಲ್ಲ."

ಬಾಗಿಲು ತೆಗೆದರು. ಹೊರಗಿನ ಗಾಳಿ ಬಂತು.

"ಈ ಬೀದಿಯವರ ಮೂಗಿಗೆ ಇದು ಒಗ್ಗಿಹೋಗಿದೆ. ನನ್ನದಕ್ಕೂ," ಎಂದರು ಇನ್ಸ್‌ಪೆಕ್ಟರಮ್ಮ. "ಅವತ್ತು ಇಲ್ಲಿ ವಾಸನೆ ಹಿಡಿಯುವ ಮೂಗು ಇದ್ದದ್ದು ಒಂದೇ. ಬಾವಿ ಹತ್ತಿರ ನಿಲ್ಲಲಾರದೆ ಅವರು ಓಡಿಬಂದರು. ಅದೇ ನೀರಿನ ಏಳು ಬಾಟಲಿ ಇಲ್ಲಿ ತೆರೆದಾಗ ಅವರಿಗೆ ಕರ್ಚೀಫೇ ಬೇಕಾಗಲಿಲ್ಲ! ನೀವೆಲ್ಲ ಮೊಹರಿನ ಹಿಂದೆ ಬಿದ್ದಿರಿ. ಮೊಹರನ್ನ ಯಾರೂ ಮುಟ್ಟಿಲ್ಲ. ಮುಟ್ಟುವ ಅಗತ್ಯವೇ ಇರಲಿಲ್ಲ. ಅರಗು ಹಾಕುವ ಮೊದಲೇ ಬಾಟಲಿಯಲ್ಲಿದ್ದದ್ದು ಒಳ್ಳೆಯ ನೀರು. ಆಟೋದವನು ಒಯ್ದದ್ದೂ ಅದನ್ನೇ."

"ಹಾಗಾದರೆ ಯಾರು?"

"ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಾಟಲಿ ಈ ಮೇಜಿನ ಮೇಲಿದ್ದವು. ಮನೆಯಲ್ಲಿ ಇದ್ದವರು ಒಬ್ಬರೇ." ಅವರು ತಿರುಗಿದರು. ಧ್ವನಿ ತಗ್ಗಿತು. "ಟೈಲರಕ್ಕ, ಬಾವಿ ನೀರು ಚೆಲ್ಲಿ ಕ್ಯಾನಿನ ನೀರು ತುಂಬಿದ್ದು ನೀವು."

ಟೈಲರಕ್ಕ ಕೈಯಲ್ಲಿದ್ದ ಲೋಟಗಳ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಹೌದು."

"ಕಾರ್ಖಾನೆಯವರು ಏನು ಕೊಟ್ಟರು?" ಅಂಗಡಿಯವನು ಅಬ್ಬರಿಸಿದ.

"ಅವರ ಮುಖ ಯಾರು ನೋಡ್ತಾರೆ?" ಟೈಲರಕ್ಕ ಬಾಗಿಲಿನತ್ತ ನೋಡುತ್ತ ಹೇಳಿದರು. "ವರದಿ ಕೆಟ್ಟದಾಗಿ ಬಂದಿದ್ದರೆ ಗೆಲ್ತಿದ್ದಿರಿ. ಕಾರ್ಖಾನೆ ಮುಚ್ಚುತ್ತಿತ್ತು, ನಲ್ಲಿ ಬರ್ತಿತ್ತು. ಆಮೇಲೆ? ಆಮೇಲೆ ಯಾರು ಬರ್ತಿದ್ರಿ ಇಲ್ಲಿಗೆ? ವರದಿ ಚೆನ್ನಾಗಿ ಬಂದರೆ ನೀವು ನಂಬಲ್ಲ, ಮತ್ತೆ ಸೇರ್ತೀರಿ, ಇನ್ನಷ್ಟು ದಿನ ನಡೆಯುತ್ತೆ ಅಂದುಕೊಂಡೆ. ಇವನ ಮೇಲೆ ಬೀಳ್ತೀರಿ ಅಂತ ಎಣಿಸಿರಲಿಲ್ಲ. ಬಿದ್ದ ಮೇಲೆ ನಿಜ ಹೇಳೋಕೆ ಬಾಯಿ ಬರಲಿಲ್ಲ."

ಗಾರೆಯವನ ಹೆಂಡತಿ ಎದ್ದಳು. "ನನ್ನ ಮಗಳ ಮೈಗೆ ನೀರು ಹುಯ್ಯೋರೂ ನೀವೇ. ಆ ಗುಳ್ಳೆ ನೋಡ್ತಾ ನೋಡ್ತಾ ಹೇಗೆ ಮಾಡಿದ್ರಿ?"

ಟೈಲರಕ್ಕ ಮೂಲೆಯ ಕ್ಯಾನುಗಳ ಕಡೆ ಮುಖ ತಿರುಗಿಸಿದರು.

"ಅಕ್ಕಾ ಅಂತಿದ್ದೆ ನಿಮ್ಮನ್ನ," ಎಂದ ಆಟೋದವನು. ಅಷ್ಟೇ ಅಂದು ಹೊರಗೆ ಹೋದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಚಹಾ ಯಾರೂ ಮುಟ್ಟಲಿಲ್ಲ.

ಇನ್ಸ್‌ಪೆಕ್ಟರಮ್ಮ ಮಾತ್ರ ಉಳಿದರು. "ಆ ವರದಿಯ ಪ್ರತಿ ಮಂಡಳಿಗೂ ಹೋಗಿದೆ. ಅದೀಗ ಕಾರ್ಖಾನೆಯ ಕೈಯಲ್ಲಿ ಕತ್ತಿ. ಅದು ಸುಳ್ಳು ಅಂತ ವಿಚಾರಣೆಯಲ್ಲಿ ಹೇಳಬಲ್ಲವರು ಒಬ್ಬರೇ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

ವಿಚಾರಣೆಯ ದಿನ ಅಂದುಕೊಂಡ ಹಾಗೇ ಆಯಿತು. ಕಾರ್ಖಾನೆಯ ವಕೀಲರು ವರದಿಯನ್ನು ಬಾವುಟದಂತೆ ಎತ್ತಿ ಹಿಡಿದರು. ಆಗ ಹಿಂದಿನ ಸಾಲಿನಿಂದ ಟೈಲರಕ್ಕ ಎದ್ದರು. ಅವರ ಎಡಕ್ಕೂ ಬಲಕ್ಕೂ ಕುರ್ಚಿಗಳು ಖಾಲಿಯಿದ್ದವು. ಏನು ಮಾಡಿದೆ, ಯಾಕೆ ಮಾಡಿದೆ, ಎರಡನ್ನೂ ಹೇಳಿದರು. ಕಾರ್ಖಾನೆಯ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಅವರು ನಿಲ್ಲಿಸಲಿಲ್ಲ. ಹೇಳಿದ್ದಕ್ಕೆಲ್ಲ ಸಹಿ ಹಾಕಿದರು. ನಿಮ್ಮ ಮೇಲೆ ಮುಂದೇನು ಕ್ರಮವೋ ಕಾಯಬೇಕು ಎಂದು ಗುಮಾಸ್ತ ಎಚ್ಚರಿಸಿದಾಗ ತಲೆಯಾಡಿಸಿದರು.

ಮಂಡಳಿಯ ಅಧಿಕಾರಿ ವರದಿಯನ್ನು ತಳ್ಳಿಹಾಕಿದರು. ತಮ್ಮ ಸಿಬ್ಬಂದಿಯೇ ಹೊಸದಾಗಿ ನೀರು ತೆಗೆಯಲಿ, ಅಲ್ಲಿಯವರೆಗೆ ಹಳ್ಳಕ್ಕೆ ಬಿಡುವ ಕೊಳವೆ ಮುಚ್ಚಿರಲಿ ಎಂದು ಆದೇಶಿಸಿದರು. ಬೀದಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಹೊರಗೆ ಆಟೋಗಳು ತುಂಬಿದವು. ಹೊಸ ಗಾಜಿನ ಆಟೋ ಮೊದಲು ಹೊರಟಿತು, ಒಳಗೆ ಅಂಗಡಿಯವನು, ಗಾರೆಯವನ ಸಂಸಾರ. ಟೈಲರಕ್ಕ ಗೇಟಿನ ಪಕ್ಕ ನಿಂತು ಅವೆಲ್ಲ ತಿರುವು ದಾಟುವವರೆಗೆ ನೋಡಿದರು. ಆಮೇಲೆ ನಡೆಯತೊಡಗಿದರು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರು.

"ನೀವ್ಯಾಕೆ ಆಟೋ ಹತ್ತಲಿಲ್ಲ?"

"ನನ್ನನ್ನೂ ಯಾರೂ ಕರೆಯಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ.

ಟೈಲರಕ್ಕ ಅವರನ್ನು ಒಂದು ಗಳಿಗೆ ನೋಡಿ, ರಸ್ತೆಯ ಒಳಬದಿಗೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟರು.