ಮೂರು ಹಸು, ಒಂದು ಕರು

ಇನ್ನು ಎರಡೋ ಮೂರೋ ದಿನ ಎಂದು ಡಾಕ್ಟರು ಹೇಳಿ ಹೋದ ಮೇಲೆ ನೋರಾ ಮುದುಕಿ ಮಗಳು ಗೊಬ್ನೆಟ್‌ಳನ್ನು ಹತ್ತಿರ ಕರೆದು ಒಂದೇ ಒಂದು ಬೇಡಿಕೆ ಇಟ್ಟಳು. ಐವತ್ತು ವರ್ಷದ ಹಿಂದೆ ಹುಟ್ಟಿದ ಗಳಿಗೆಯಲ್ಲೇ ಸತ್ತ ಚೊಚ್ಚಲ ಹೆಣ್ಣುಕೂಸಿನ ಗೋರಿಯಿಂದ ಒಂದು ಹಿಡಿ ಮಣ್ಣು ಬೇಕು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಾನು ಹೋಗಬೇಕು.

ಆ ಗೋರಿ ಎಲ್ಲಿದೆಯೋ ಗೊಬ್ನೆಟ್‌ಳಿಗೆ ಗೊತ್ತಿರಲಿಲ್ಲ. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಅಂಗಳದಲ್ಲಿ ಆಗ ಜಾಗವಿರಲಿಲ್ಲ. ಅಪ್ಪಂದಿರು ಬಟ್ಟೆಯಲ್ಲಿ ಸುತ್ತಿ ಗುಡ್ಡಕ್ಕೆ ಒಯ್ದು ಹೂತು ಬರುತ್ತಿದ್ದರು. ಎಲ್ಲಿ ಎಂದು ಅವರು ಹೇಳುವಂತಿಲ್ಲ, ಹೆತ್ತವಳು ಕೇಳುವಂತಿಲ್ಲ. ಎಂಥಾ ದರಿದ್ರ ಪದ್ಧತಿಯೋ!

ಆದರೆ ಗೊಬ್ನೆಟ್‌ಳ ಅಪ್ಪ ಕತೆಗಾರ. ಬಾಯಿಬಿಟ್ಟು ಹೇಳಲಾಗದ್ದನ್ನು ಕತೆಯೊಳಗೆ ಇಟ್ಟಿದ್ದ. ಗುಡ್ಡ ಕಟ್ಟಿದ ಆದಿಮುದುಕಿ ಮೂರು ಹಸು ಹೊಡೆದುಕೊಂಡು ಕಡಲಿನಿಂದ ಮೇಲೆ ಹತ್ತಿದಳು, ಮೂರೂ ಒಂದೊಂದು ಕಡೆ ಬಂಡೆಯಾಗಿ ನಿಂತವು ಎಂಬುದು ಕಣಿವೆಗೆಲ್ಲ ಗೊತ್ತಿದ್ದ ಕತೆ. ಅಪ್ಪನ ಕತೆಯಲ್ಲಿ ಮಾತ್ರ ಒಂದು ಕರುವೂ ಇತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಗೊಬ್ನೆಟ್ ಅದನ್ನು ಕತೆ ಹೇಳುವ ಸ್ಪರ್ಧೆಗೆ ಕಲಿತಾಗ ಪಟ್ಟಣದ ಪಂಡಿತರೊಬ್ಬರು ಹಳೆಯ ಕತೆಯಲ್ಲಿ ಕರು ಇಲ್ಲ, ತೆಗೆದುಹಾಕು ಎಂದರು. ತೆಗೆದಳು. ಮೊದಲ ಬಹುಮಾನ ಬಂತು. ಅಪ್ಪ ಸಭೆಯಲ್ಲಿ ಕೂತು ಕೇಳಿದ, ಚಪ್ಪಾಳೆ ತಟ್ಟಿದ, ಆಮೇಲೆ ಸಾಯುವ ತನಕ ಆ ಕತೆ ಹೇಳಲಿಲ್ಲ. ಕರು ಯಾರೆಂದು ಅವಳಿಗೆ ಹೊಳೆದದ್ದು ಅಪ್ಪ ಹೋಗಿ ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಕರುವಿನ ಮಾತುಗಳೇ ಮರೆತುಹೋಗಿದ್ದವು, ಅವ್ವನಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಬೆಳಕು ಹರಿಯುತ್ತಲೇ ಹಸುಗಳ ಬಂಡೆಯ ಜಾಡು ಹಿಡಿದು ಹೊರಟಳು. ಜೊತೆಗೆ ಪಕ್ಕದ ಮನೆಯ ಫಿನೀನ್, ಆ ಗುಡ್ಡದಲ್ಲೇ ಕುರಿ ಕಾದು ಮುದುಕನಾದವನು. ಒಂದು ಹಗ್ಗ, ಒಂದು ದೊಣ್ಣೆ, ಬೆಣ್ಣೆ ಸವರಿದ ರೊಟ್ಟಿ. ಬಹುಮಾನದ ಕತೆಗಾರ್ತಿಗೆ ದಾರಿ ತೋರಿಸುವಂಥ ಪುಣ್ಯ ತನಗೆ ಬಂತಲ್ಲ ಎಂದು ಫಿನೀನ್ ಕುಟುಕಿದ.

ಮೊದಲನೆಯ ಹಸು ಕೆರೆಯ ದಂಡೆಯಲ್ಲಿ, ಅರ್ಧ ನೀರಿಗಿಳಿದು ಮಲಗಿದ ಕಪ್ಪು ಬಂಡೆ. ಅಲ್ಲಿಂದ ಮೇಲಕ್ಕೆ ನವೆಂಬರಿನ ಕಂದು ಹುಲ್ಲು, ಅದರ ನಡುವೆ ಹೊಳೆಯುವ ಜೌಗು, ಆಚೆ ಎರಡು ಗುಡ್ಡಗಳ ಸಂದಿಯಲ್ಲಿ ಎರಡನೆಯ ಹಸು. ಅದನ್ನು ದಾಟುವ ಹೊತ್ತಿಗೆ ಕಡಲಿನಿಂದ ಮಂಜು ಏರಿ ಬಂತು. ನಾಲ್ಕು ಮಾರು ಆಚೆ ಏನೂ ಕಾಣದು.

ಗೊಬ್ನೆಟ್ ಹಸಿರು ಕಂಡಲ್ಲಿ ಕಾಲಿಟ್ಟಳು.

ನೆಲ ಬಾಯಿಬಿಟ್ಟಿತು. ಸೊಂಟದವರೆಗೆ ಹೂತುಹೋದಳು. ಒದ್ದಾಡಿದಷ್ಟೂ ಇಳಿದಳು. ಕೆಸರಿನ ಚಳಿ ಎಲುಬಿಗೇ ಹತ್ತಿತು.

"ಅಲ್ಲಾಡಬೇಡ! ಮುಂದಕ್ಕೆ ಬೋರಲು ಬೀಳು!"

ಬಿದ್ದಳು. ಹಗ್ಗ ಕೈಗೆ ಸಿಕ್ಕಿತು. ಫಿನೀನ್ ತಾನೂ ಬೋರಲು ಮಲಗಿ ಎಳೆದ, ಬೈದ, ಮತ್ತೆ ಎಳೆದ. ಒಂದು ಬೂಟು ಕೆಸರಿಗೆ ಹೋಯಿತು, ಅವಳು ಹೊರಗೆ ಬಂದಳು. ಆ ಎಳೆತದಲ್ಲಿ ಅವನ ಪಾದ ಎರಡು ಕಲ್ಲುಗಳ ನಡುವೆ ತಿರುಚಿಕೊಂಡಿತ್ತು. ವಾಪಸು ಹೋಗೋಣ ಎಂದು ಅವಳು ಅತ್ತಳು. ಕುಂಟಿದರೂ ಕುರಿಗಿಂತ ಮುಂದೆ ಇರುತ್ತೇನೆ, ನಡಿ ಎಂದ.

ಮೂರನೆಯ ಹಸು ಕೈಗೆ ತಾಗಿದಾಗಲೇ ಕಂಡದ್ದು. ಅಲ್ಲಿಂದ ಎಲ್ಲಿಗೆ? ಅವಳಿಗೆ ಗೊತ್ತಿಲ್ಲ. ಕತೆ ಹೇಳು ಎಂದ ಫಿನೀನ್. ಪಂಡಿತರು ತಿದ್ದಿಕೊಟ್ಟಂತೆಯೇ ಹೇಳಿದಳು. ಮೂರನೆಯ ಹಸು ಗುಡ್ಡದ ತುದಿಯ ಕಡೆ ನೋಡುತ್ತ ಕಲ್ಲಾಯಿತು ಎಂಬಲ್ಲಿಗೆ ಅವನು ತಡೆದ.

"ತುದಿ ಕಡೆಯಾ? ನಿನ್ ಪಂಡಿತ ಇಲ್ಲಿಗೆ ಯಾವತ್ತಾದ್ರೂ ಬಂದಿದ್ನಾ? ಕುತ್ತಿಗೆ ಮುಟ್ಟಿ ನೋಡು. ಈ ಹಸು ಹಿಂದಕ್ಕೆ ನೋಡ್ತಾ ಇದೆ."

ಮುಟ್ಟಿದಳು. ಹೌದು, ಕಲ್ಲಿನ ಕುತ್ತಿಗೆ ತಿರುಗಿತ್ತು. ಗಂಟಲಲ್ಲಿ ಅಪ್ಪನ ಮಾತು ತಾನೇ ಎದ್ದು ಬಂತು. "ತಿರುಗಿ ಕೂಗಿತು. ಕರು ಬರಲಿಲ್ಲ. ಗಾಳಿ ಬಾರದ ಕಡೆ, ನೀರಿನ ಸದ್ದು ಕೇಳೋ ಕಡೆ ಮಲಗಿತ್ತು. ಮುದುಕಿ ಅದಕ್ಕೆ ತನ್ನ ಶಾಲು ಹೊದಿಸಿ ಹೋದಳು."

ಫಿನೀನ್ ದೊಣ್ಣೆಯಿಂದ ತೋರಿಸಿದ. ಕೆಳಗೊಂದು ತಗ್ಗಿದೆ, ತೊರೆಯ ಪಕ್ಕ. ಅಲ್ಲಿಗೆ ಕಾಲಿಡಬೇಡ ಎಂದು ಅವನಪ್ಪ ಹೇಳಿದ್ದನಂತೆ, ಯಾಕೆಂದು ಹೇಳಿರಲಿಲ್ಲ.

ಇಳಿದರು. ಮುಳ್ಳು ಸರಿಸಿದರು. ಪಾಚಿಯ ಕೆಳಗೆ ಬಿಳಿ ಕಲ್ಲೊಂದು ಸಿಕ್ಕಿತು, ಮುಷ್ಟಿಯಷ್ಟು ದೊಡ್ಡದು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಗೊಬ್ನೆಟ್ ಮೊಣಕಾಲೂರಿ ಪಾಚಿ ಕೀಳುತ್ತ ಹೋದಳು. ನಲವತ್ತಕ್ಕೂ ಹೆಚ್ಚಿದ್ದವು. ಒಂದಕ್ಕೂ ಹೆಸರಿಲ್ಲ, ಗುರುತಿಲ್ಲ.

"ಇದ್ರಲ್ಲಿ ನಮ್ದು ಯಾವ್ದು?" ಎಂದಳು.

ಫಿನೀನ್ ಟೊಪ್ಪಿಗೆ ತೆಗೆದ. "ನಮ್ಮಪ್ಪನೂ ಇಲ್ಲಿಗೆ ಬಂದಿದ್ದ ಅಂತ ಕಾಣ್ತದೆ, ನೋರಾ ಮಗಳೇ. ನಮ್ಮವ್ವ ಎರಡು ಸಲ ಬಾಣಂತಿ ಹಾಸಿಗೆಯಿಂದ ಬರಿಗೈಲಿ ಎದ್ದಿದ್ಲು."

ಗೊಬ್ನೆಟ್ ಒಂದೊಂದು ಕಲ್ಲಿನ ಬುಡದಿಂದಲೂ ಚಿಟಿಕೆ ಮಣ್ಣು ತೆಗೆದು, ಒಂದನ್ನೂ ಬಿಡದೆ, ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಫಿನೀನನ ತೋಳನ್ನು ಹೆಗಲಿಗೆ ಹಾಕಿಕೊಂಡು, ಒಂದು ಬರಿಗಾಲಲ್ಲಿ, ತೊರೆ ಹಿಡಿದು ಇಳಿದಳು. ಆರು ಮೈಲಿ. ಮನೆಯ ಹೊಗೆ ಕಂಡಾಗ ಸಂಜೆಯಾಗಿತ್ತು, ಅವಳ ಪಾದ ರಕ್ತಮಯವಾಗಿತ್ತು.

ಅವ್ವ ಕಣ್ಣು ತೆರೆದೇ ಇದ್ದಳು. ಗೊಬ್ನೆಟ್ ಗಂಟನ್ನು ಅವಳ ಕೈಗಿಟ್ಟು, ಬಚ್ಚಿಡದೆ ಹೇಳಿದಳು: ಅಪ್ಪನ ಕತೆಯ ಕರು ಆ ಕೂಸೇ, ಸ್ಪರ್ಧೆಗೆ ಅದನ್ನು ತೆಗೆದದ್ದು ನಾನೇ, ಕೂಸು ಯಾವ ಕಲ್ಲಿನಡಿ ಇದೆಯೋ ತಿಳಿಯಲಿಲ್ಲ, ಅದಕ್ಕೆ ಎಲ್ಲ ಕೂಸುಗಳದ್ದೂ ತಂದಿದ್ದೇನೆ.

"ಅಷ್ಟೊಂದು ಇದಾವಾ?" ಅವ್ವನ ಮುಖ ಸಡಿಲವಾಯಿತು. "ನನ್ ಕೂಸೊಂದೇ ಮಲಗಿದೆ ಅಂತ ಐವತ್ತು ವರ್ಷ ನಿದ್ದೆಗೆಟ್ಟೆ ಕಣೇ."

ಸ್ವಲ್ಪ ಹೊತ್ತು ಗಂಟನ್ನು ಸವರುತ್ತಿದ್ದು, ಮತ್ತೆ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಕಣಿವೆಯಲ್ಲಿ ಕಳಕೊಂಡೋರಿಗೆಲ್ಲ ಹೇಳಿಕಳ್ಸು. ಅವರದ್ದೂ ಇದ್ರಲ್ಲಿದೆ. ನಾನೊಬ್ಳೇ ಹೇಗೆ ಇಟ್ಕೊಳ್ಲಿ?"

ಮಾರನೆಯ ದಿನ ಮಧ್ಯಾಹ್ನದೊಳಗೆ ಒಂಬತ್ತು ಜನ ಮುದುಕಿಯರು ಬಂದರು, ಕೆಲವರು ಸೊಸೆಯ ತೋಳು ಹಿಡಿದು, ಒಬ್ಬಳು ಗಾಡಿಯಲ್ಲಿ. ಅವ್ವ ಒಬ್ಬೊಬ್ಬರ ಅಂಗೈಗೂ ತಾನೇ ಒಂದು ಚಿಟಿಕೆ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಫಿನೀನ್ ಕೊನೆಗೆ ಕುಂಟುತ್ತ ಬಂದು, ತನ್ನ ಅವ್ವನ ಪರವಾಗಿ ಕೈ ಚಾಚಿದ.